ಮ್ಯಾಟ್‌ಲ್ಯಾಬ್ ಪರವಾನಗಿ ಮುಗಿಯುವ ಮುನ್ನ: ಕಾಲೇಜಿನ ಲ್ಯಾಬನ್ನು ಆಕ್ಟೇವ್‌ಗೆ ಸಾಗಿಸುವ ಬಗೆ

ಎಂಜಿನಿಯರಿಂಗ್ ಕಾಲೇಜುಗಳ ಸಿಗ್ನಲ್ ಪ್ರೊಸೆಸಿಂಗ್, ಕಂಟ್ರೋಲ್ ಸಿಸ್ಟಮ್ಸ್, ನ್ಯೂಮರಿಕಲ್ ಮೆಥಡ್ಸ್ ಲ್ಯಾಬುಗಳಲ್ಲಿ ಮ್ಯಾಟ್‌ಲ್ಯಾಬ್ ಎಂಬ ಗಣಿತ ಲೆಕ್ಕಾಚಾರದ ತಂತ್ರಾಂಶ ಎಷ್ಟು ಬೇರುಬಿಟ್ಟಿದೆಯೆಂದರೆ, ವಿದ್ಯಾರ್ಥಿಗಳು ಲ್ಯಾಬಿನ ಹೆಸರು ಬಿಟ್ಟು 'ಇವತ್ತು ಮ್ಯಾಟ್‌ಲ್ಯಾಬ್ ಇದೆ' ಎಂದೇ ಹೇಳುತ್ತಾರೆ. ಪರವಾನಗಿ ನವೀಕರಣದ ಪತ್ರ ಪ್ರಾಂಶುಪಾಲರ ಮೇಜಿಗೆ ಹೋದ ವರ್ಷ ಮಾತ್ರ 'ಅದೇ ಕೆಲಸ ಮಾಡುವ ಆಕ್ಟೇವ್ ಇದೆಯಂತಲ್ಲ, ಅದನ್ನೇ ಹಾಕಿಸಿಬಿಡಿ' ಎಂಬ ಮಾತು ಬರುತ್ತದೆ. ಹಾಕಿಸುವುದು ನಿಜಕ್ಕೂ ಅರ್ಧ ದಿನದ ಕೆಲಸ. ಆದರೆ ಹತ್ತಾರು ಸೆಮಿಸ್ಟರುಗಳಲ್ಲಿ ಕೂಡಿಬಂದ ಪ್ರೋಗ್ರಾಮುಗಳು, ಅಳತೆಯ ಡೇಟಾ, ಲ್ಯಾಬ್ ಮ್ಯಾನುಯಲ್ಲು ಇವನ್ನು ಹೊಸ ಮನೆಗೆ ಸಾಗಿಸುವುದೇ ನಿಜವಾದ ಕೆಲಸ, ಮತ್ತು ಅದರ ಬಹುಭಾಗವನ್ನು ಹಳೆಯ ಪರವಾನಗಿ ಇನ್ನೂ ಚಾಲ್ತಿಯಲ್ಲಿರುವಾಗಲೇ ಮುಗಿಸಬೇಕಾಗುತ್ತದೆ. ಲ್ಯಾಬ್ ನಡೆಸುವ ಅಧ್ಯಾಪಕರನ್ನೂ ಇನ್‌ಸ್ಟ್ರಕ್ಟರುಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು, ಆ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕೆಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಆದೇಶಗಳನ್ನು ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಯಂತ್ರದಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ದೊಡ್ಡ ಅಕ್ಷರ ಬೇಕಾದ ಕಡೆ ಹಾಗೆಂದು ಹೇಳಿದ್ದೇನೆ.

ಆಕ್ಟೇವ್ ಏಕೆ, ಬೇರೆಯದು ಏಕಲ್ಲ

ಮ್ಯಾಟ್‌ಲ್ಯಾಬ್ ಹುಟ್ಟಿದ್ದು 1970ರ ದಶಕದ ಕೊನೆಯಲ್ಲಿ, ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ. ವಿದ್ಯಾರ್ಥಿಗಳು ಫೋರ್ಟ್ರಾನ್ ಬರೆಯದೆಯೇ ಮ್ಯಾಟ್ರಿಕ್ಸ್ ಲೆಕ್ಕಗಳನ್ನು ಮಾಡುವಂತಾಗಲಿ ಎಂದು ಗಣಿತದ ಪ್ರಾಧ್ಯಾಪಕ ಕ್ಲೀವ್ ಮೋಲರ್ ಅದನ್ನು ಬರೆದರು. ಆಗ ಅದು ವಿಶ್ವವಿದ್ಯಾಲಯಗಳ ನಡುವೆ ಹಣವಿಲ್ಲದೆ ಹಂಚಿಕೆಯಾಗುತ್ತಿತ್ತು. 1984ರಲ್ಲಿ ಮ್ಯಾಥ್‌ವರ್ಕ್ಸ್ ಸಂಸ್ಥೆ ಸ್ಥಾಪನೆಯಾದ ಮೇಲೆ ಮಾರಾಟದ ಸರಕಾಯಿತು. ಆಕ್ಟೇವ್ ಕೂಡ ಪಾಠದ ಕೋಣೆಯಿಂದಲೇ ಬಂದದ್ದು. ರಾಸಾಯನಿಕ ರಿಯಾಕ್ಟರುಗಳ ವಿನ್ಯಾಸದ ಪಠ್ಯಪುಸ್ತಕವೊಂದಕ್ಕೆ ಜೊತೆಯಾಗಿ ಇರಲೆಂದು 1988ರ ಸುಮಾರಿಗೆ ಮೂಡಿದ ಆಲೋಚನೆಯನ್ನು ಜಾನ್ ಈಟನ್ 1992ರಲ್ಲಿ ಪೂರ್ಣ ಪ್ರಮಾಣದಲ್ಲಿ ಕೈಗೆತ್ತಿಕೊಂಡರು, 1994ರಲ್ಲಿ 1.0 ಆವೃತ್ತಿ ಹೊರಬಂತು. ಹೆಸರಿಗೂ ಸಂಗೀತಕ್ಕೂ ಸಂಬಂಧವಿಲ್ಲ. ಸಿಕ್ಕ ಕಾಗದದ ಮೇಲೆ ಥಟ್ಟನೆ ಅಂದಾಜು ಲೆಕ್ಕ ಹಾಕುವುದಕ್ಕೆ ಹೆಸರಾಗಿದ್ದ, ಈಟನ್ನರಿಗೆ ಪಾಠ ಹೇಳಿದ್ದ ಕೆಮಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕ ಆಕ್ಟೇವ್ ಲೆವೆನ್‌ಸ್ಪೀಲ್ ಅವರ ಹೆಸರದು.

ಆಕ್ಟೇವ್ ಗ್ನೂ ಜಿಪಿಎಲ್ ಪರವಾನಗಿಯಡಿ ಬರುತ್ತದೆ. ಯಾವ ಉದ್ದೇಶಕ್ಕಾದರೂ ಬಳಸಬಹುದು, ಒಳಗೆ ಹೇಗೆ ಕೆಲಸ ಮಾಡುತ್ತದೆಂದು ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ಹಣ ಉಳಿಯುತ್ತದೆ ಎಂಬುದನ್ನೇ ಎಲ್ಲರೂ ಮೊದಲು ಹೇಳುತ್ತಾರೆ; ಲ್ಯಾಬ್ ನಡೆಸುವವರಿಗೆ ಅದಕ್ಕಿಂತ ದೊಡ್ಡ ಲಾಭವೆಂದರೆ ವಿದ್ಯಾರ್ಥಿ ಅದೇ ತಂತ್ರಾಂಶವನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹಾಸ್ಟೆಲ್ಲಿಗೆ ಹೋಗಿ, ಯಾರ ಅಪ್ಪಣೆಯೂ ಇಲ್ಲದೆ, ಕದ್ದ ಪ್ರತಿಯ ಅಳುಕೂ ಇಲ್ಲದೆ ಅಭ್ಯಾಸ ಮಾಡಬಹುದು. ನೀವು ಆಕ್ಟೇವ್‌ನಲ್ಲಿ ಬರೆದ ಸಾಮಾನ್ಯ ಪ್ರೋಗ್ರಾಮು ನಿಮ್ಮದೇ, ಅದಕ್ಕೆ ಜಿಪಿಎಲ್ ಅಂಟಿಕೊಳ್ಳುವುದಿಲ್ಲ.

ಸೈಲ್ಯಾಬ್ ಮತ್ತು ಪೈಥಾನ್ ಕೂಡ ಕಣದಲ್ಲಿವೆ. ಸೈಲ್ಯಾಬ್ ಫ್ರಾನ್ಸಿನಲ್ಲಿ ಬೆಳೆದದ್ದು. ಮುಕ್ತ ತಂತ್ರಾಂಶಗಳನ್ನು ಹರಡುವ ಐಐಟಿ ಬಾಂಬೆಯ ಫಾಸ್ಸಿ ಯೋಜನೆ ಅದನ್ನು ನಮ್ಮ ಕಾಲೇಜುಗಳಿಗೆ ಬಹಳವಾಗಿ ಪರಿಚಯಿಸಿದೆ, ಅದೇ ಸಂಸ್ಥೆಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳು ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಸಿಗುತ್ತವೆ. ಆದರೆ ಸೈಲ್ಯಾಬಿನ ಬರವಣಿಗೆ ಮ್ಯಾಟ್‌ಲ್ಯಾಬಿನದನ್ನು ಹೋಲುತ್ತದೆಯೇ ಹೊರತು ಅದೇ ಅಲ್ಲ. ಟಿಪ್ಪಣಿಗೆ ಎರಡು ಓರೆಗೆರೆ, ಪೈ ಬೇಕೆಂದರೆ ಅದರ ಹಿಂದೆ ಶೇಕಡಾ ಚಿಹ್ನೆ, ಹೀಗೆ ಪ್ರತಿ ಸಾಲನ್ನೂ ಮುಟ್ಟಬೇಕಾಗುತ್ತದೆ. ಪೈಥಾನ್‌ನಲ್ಲಂತೂ ಎಣಿಕೆ ಸೊನ್ನೆಯಿಂದ ಆರಂಭವಾಗುವುದರಿಂದ ಎಲ್ಲವನ್ನೂ ಹೊಸದಾಗಿ ಬರೆದಂತೆಯೇ ಲೆಕ್ಕ. ನನ್ನ ಅಭಿಪ್ರಾಯ ಇಷ್ಟು: ಹೊಸದಾಗಿ ಶುರುಮಾಡುವ ಲ್ಯಾಬಿಗೆ ಪೈಥಾನ್ ಒಳ್ಳೆಯದು, ಈಗಾಗಲೇ ನೂರಾರು ಡಾಟ್ ಎಂ ಕಡತಗಳಿರುವ (ಮ್ಯಾಟ್‌ಲ್ಯಾಬ್ ಪ್ರೋಗ್ರಾಮುಗಳನ್ನು ಉಳಿಸುವ ರೂಪ) ಲ್ಯಾಬಿಗೆ ಆಕ್ಟೇವ್. ಎರಡನ್ನೂ ಒಂದೇ ರಜೆಯಲ್ಲಿ ಮಾಡಿ ಮುಗಿಸುವ ಹುಮ್ಮಸ್ಸು ಬೇಡ. ವಿಶ್ವವಿದ್ಯಾಲಯದ ಪಠ್ಯಕ್ರಮವನ್ನೂ ಒಮ್ಮೆ ಬಿಡಿಸಿ ನೋಡಿಕೊಳ್ಳಿ. ಮ್ಯಾಟ್‌ಲ್ಯಾಬಿನ ಪಕ್ಕದಲ್ಲೇ 'ಸೈಲ್ಯಾಬ್' ಎಂದೋ 'ಆಕ್ಟೇವ್' ಎಂದೋ 'ಪೈಥಾನ್' ಎಂದೋ ಓರೆಗೆರೆ ಹಾಕಿ ಬರೆದಿರುವುದು ಅಪರೂಪವೇನಲ್ಲ. ಆ ಒಂದು ಸಾಲಿದ್ದರೆ ಮೇಲಿನವರ ಒಪ್ಪಿಗೆ ಪಡೆಯುವುದು ಸುಲಭ.

ಪರವಾನಗಿ ಇರುವಾಗಲೇ ಮಾಡಿಕೊಳ್ಳಬೇಕಾದದ್ದು

ಮೊದಲು ನಿಮ್ಮ ಪ್ರೋಗ್ರಾಮುಗಳು ಯಾವ ಯಾವ ಟೂಲ್‌ಬಾಕ್ಸ್‌ಗಳನ್ನು, ಎಂದರೆ ಒಂದೊಂದು ವಿಷಯಕ್ಕೆ ಮೀಸಲಾದ ಫಂಕ್ಷನ್ನುಗಳ ಕಟ್ಟುಗಳನ್ನು, ಮುಟ್ಟುತ್ತವೆ ಎಂದು ತಿಳಿಯಿರಿ. ಮ್ಯಾಟ್‌ಲ್ಯಾಬನ್ನು ಹೊಸದಾಗಿ ತೆರೆದು, ಮ್ಯಾನುಯಲ್ಲಿನ ಎಲ್ಲ ಪ್ರಯೋಗಗಳನ್ನೂ ಒಂದಾದ ಮೇಲೊಂದರಂತೆ ಓಡಿಸಿ, ಕೊನೆಗೆ 'ಲೈಸೆನ್ಸ್ ಇನ್‌ಯೂಸ್' ಎಂದು ಕೊಟ್ಟರೆ ಆ ಅವಧಿಯಲ್ಲಿ ಬಳಕೆಯಾದ ಟೂಲ್‌ಬಾಕ್ಸ್‌ಗಳ ಪಟ್ಟಿ ಬರುತ್ತದೆ. ಹೆಚ್ಚಿನ ಲ್ಯಾಬುಗಳಲ್ಲಿ ಈ ಪಟ್ಟಿ ನಾವು ಹೆದರಿಕೊಂಡಷ್ಟು ಉದ್ದವಿರುವುದಿಲ್ಲ. ಸಿಗ್ನಲ್, ಕಂಟ್ರೋಲ್, ಒಮ್ಮೊಮ್ಮೆ ಇಮೇಜ್ ಮತ್ತು ಸಿಂಬಾಲಿಕ್, ಅಷ್ಟೆ.

ಬಳಿಕ ಡೇಟಾ. ಮ್ಯಾಟ್‌ಲ್ಯಾಬ್ ಡೇಟಾ ಉಳಿಸುವ ಡಾಟ್ ಮ್ಯಾಟ್ ಕಡತಗಳಿಗೆ ಹಲವು ರೂಪಗಳಿವೆ. ಅವುಗಳಲ್ಲಿ ಏಳನೆಯ ಆವೃತ್ತಿಯ ರೂಪವನ್ನು ಆಕ್ಟೇವ್ ಚೆನ್ನಾಗಿ ಓದುತ್ತದೆ, 7.3 ಎಂಬ ರೂಪದಲ್ಲಿ ಮಾತ್ರ ತೊಡಕುಗಳು ಬರುತ್ತವೆ. ಆದ್ದರಿಂದ ಹಳೆಯ ಕಡತಗಳನ್ನು ಮ್ಯಾಟ್‌ಲ್ಯಾಬಿನಲ್ಲೇ ತೆರೆದು, 'ಸೇವ್' ಆದೇಶಕ್ಕೆ '-ವಿ7' ಎಂಬ ಆಯ್ಕೆ ಕೊಟ್ಟು ಮತ್ತೆ ಉಳಿಸಿ. ಒಂದೊಂದು ಚರಾಂಶವೂ 2 ಗಿಗಾಬೈಟಿನ ಒಳಗಿರಬೇಕು ಎಂಬ ಮಿತಿ ಇದಕ್ಕಿದೆ. ಲ್ಯಾಬಿನ ಡೇಟಾಗೆ ಅದು ತಟ್ಟುವುದಿಲ್ಲ. ಟೇಬಲ್, ಸ್ಟ್ರಿಂಗ್, ಡೇಟ್‌ಟೈಮ್ ಎಂಬ ಹೊಸ ಬಗೆಯ ಚರಾಂಶಗಳಿದ್ದರೆ ಹೀಗೆ ಉಳಿಸಿದರೂ ಪ್ರಯೋಜನವಿಲ್ಲ, ಏಕೆಂದರೆ ಮೂಲ ಆಕ್ಟೇವ್‌ಗೆ ಆ ಬಗೆಗಳ ಪರಿಚಯವೇ ಇಲ್ಲ. ಟೇಬಲ್ಲುಗಳನ್ನು ಸಿಎಸ್‌ವಿ ಕಡತವಾಗಿ ಬರೆದಿಡಿ, ದಿನಾಂಕಗಳನ್ನು ಸಂಖ್ಯೆಗೋ ಸಾದಾ ಪಠ್ಯಕ್ಕೋ ಬದಲಿಸಿ, ಸ್ಟ್ರಿಂಗುಗಳನ್ನು ಹಳೆಯ ಬಗೆಯ ಅಕ್ಷರಸಾಲು ಮಾಡಿಕೊಳ್ಳಿ.

ಪ್ರೋಗ್ರಾಮು, ವಿವರಣೆ, ಉತ್ತರ ಒಟ್ಟಿಗಿರುವ ಲೈವ್ ಸ್ಕ್ರಿಪ್ಟುಗಳನ್ನು ಸಾದಾ ಡಾಟ್ ಎಂ ಕಡತವಾಗಿ ಹೊರತೆಗೆಯಿರಿ. ಡಾಟ್ ಫಿಗ್ ರೂಪದ ಗ್ರಾಫುಗಳನ್ನು ಪಿಡಿಎಫ್ ಮಾಡಿ, ಅದರ ಹಿಂದಿನ ಅಂಕಿಗಳನ್ನೂ ಬೇರೆಯಾಗಿ ಉಳಿಸಿ. ಡಾಟ್ ಪಿ ಎಂದು ಕೊನೆಗೊಳ್ಳುವ ಕಡತಗಳು ಸಿಕ್ಕರೆ ಅವು ಮುಚ್ಚಿದ ಪೆಟ್ಟಿಗೆಗಳಿದ್ದಂತೆ. ಅವುಗಳ ಮೂಲ ಯಾರ ಬಳಿ ಇದೆ ಎಂದು, ಆ ಅಧ್ಯಾಪಕರು ಬೇರೆ ಊರಿಗೆ ವರ್ಗವಾಗುವ ಮುನ್ನವೇ ಕೇಳಿ ಪಡೆಯಿರಿ. ಬ್ಲಾಕುಗಳನ್ನು ಎಳೆದು ಜೋಡಿಸಿ ಮಾಡುವ ಸಿಮ್ಯುಲಿಂಕ್ ಮಾದರಿಗಳ ಚಿತ್ರ, ಪ್ರತಿ ಬ್ಲಾಕಿನ ಬೆಲೆಗಳು, ಔಟ್‌ಪುಟ್ ಅಂಕಿಗಳು ಈ ಮೂರನ್ನೂ ತೆಗೆದಿಟ್ಟುಕೊಳ್ಳಿ.

ಹೆಚ್ಚಿನವರು ಮರೆಯುವ ಕೆಲಸವೊಂದಿದೆ. ಪ್ರತಿ ಪ್ರಯೋಗಕ್ಕೂ ಮ್ಯಾಟ್‌ಲ್ಯಾಬ್ ಕೊಟ್ಟ ಉತ್ತರವನ್ನು, ಅದಕ್ಕೆ ಕೊಟ್ಟ ಇನ್‌ಪುಟ್ಟಿನ ಸಮೇತ ಒಂದು ಫೋಲ್ಡರಿನಲ್ಲಿ ಉಳಿಸಬೇಕು. ಇನ್‌ಪುಟ್ 'ರ್‍ಯಾಂಡ್' ಮೂಲಕ ಹುಟ್ಟುವಂಥದ್ದಾದರೆ ಇದು ಇನ್ನೂ ಮುಖ್ಯ, ಏಕೆಂದರೆ ಎರಡೂ ತಂತ್ರಾಂಶಗಳಿಗೆ ಒಂದೇ ಬೀಜಸಂಖ್ಯೆ ಕೊಟ್ಟರೂ ಒಂದೇ ಯಾದೃಚ್ಛಿಕ ಸಾಲು ಬರುವುದಿಲ್ಲ. ಈ ಫೋಲ್ಡರು ಇಲ್ಲದಿದ್ದರೆ, ಮುಂದೆ ಆಕ್ಟೇವ್ ಕೊಟ್ಟ ಉತ್ತರ ಸರಿಯೋ ತಪ್ಪೋ ಎಂದು ತೂಗಿ ನೋಡಲು ನಿಮ್ಮ ಬಳಿ ತಕ್ಕಡಿಯೇ ಇರುವುದಿಲ್ಲ.

ಮಾಡಬಾರದ ಒಂದು ಕೆಲಸವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಟೂಲ್‌ಬಾಕ್ಸ್ ಫೋಲ್ಡರುಗಳಲ್ಲಿರುವ ಡಾಟ್ ಎಂ ಕಡತಗಳು ಕಣ್ಣಿಗೆ ಕಾಣುತ್ತವೆ, ಓದಲೂ ಬರುತ್ತವೆ ಎಂದು ಅವನ್ನು ಎತ್ತಿಕೊಂಡು ಆಕ್ಟೇವ್ ಫೋಲ್ಡರಿಗೆ ಹಾಕುವವರಿದ್ದಾರೆ. ಅವು ಪರವಾನಗಿಯ ಜೊತೆ ಬಂದವು, ಅದರ ಜೊತೆಯೇ ಹೋಗಬೇಕು. ಕಣ್ಣಿಗೆ ಕಂಡ ಮಾತ್ರಕ್ಕೆ ಮುಕ್ತ ತಂತ್ರಾಂಶವಾಗುವುದಿಲ್ಲ.

ಹಾಕಿಸುವುದು

ಉಬುಂಟು ಅಥವಾ ಡೆಬಿಯನ್ ಯಂತ್ರಗಳಲ್ಲಿ 'ಸುಡೊ ಆಪ್ಟ್ ಇನ್‌ಸ್ಟಾಲ್ ಆಕ್ಟೇವ್' ಸಾಕು. ಅದರ ಜೊತೆ 'ಆಕ್ಟೇವ್-ಸಿಗ್ನಲ್', 'ಆಕ್ಟೇವ್-ಕಂಟ್ರೋಲ್' ಎಂಬ ಪ್ಯಾಕೇಜುಗಳನ್ನೂ (ಟೂಲ್‌ಬಾಕ್ಸ್‌ಗಳ ಬದಲಿಗೆ ಆಕ್ಟೇವ್‌ನಲ್ಲಿರುವವು) ಕೇಳಿ ಪಡೆಯಿರಿ. ವಿಂಡೋಸ್ ಯಂತ್ರಗಳಿಗೆ ಆಕ್ಟೇವ್‌ನ ಅಧಿಕೃತ ತಾಣದಿಂದ ಇನ್‌ಸ್ಟಾಲರ್ ಇಳಿಸಿಕೊಂಡರೆ ಈ ಪ್ಯಾಕೇಜುಗಳೆಲ್ಲ ಅದರೊಳಗೇ ಬಂದಿರುತ್ತವೆ. ಅಡ್ಮಿನ್ ಪಾಸ್‌ವರ್ಡ್ ಸಿಗದ ಲ್ಯಾಬುಗಳಲ್ಲಿ ಜಿಪ್ ರೂಪವನ್ನು ಬಿಡಿಸಿಟ್ಟು, ಅದರೊಳಗಿನ 'ಪೋಸ್ಟ್-ಇನ್‌ಸ್ಟಾಲ್' ಎಂಬ ಬ್ಯಾಚ್ ಕಡತವನ್ನು ಒಮ್ಮೆ ಓಡಿಸಿದರೂ ನಡೆಯುತ್ತದೆ. ಒಂದು ಗಿಗಾಬೈಟಿಗೂ ಹೆಚ್ಚು ಜಾಗ ಬೇಕು. ಮುವ್ವತ್ತು ಯಂತ್ರಗಳಲ್ಲಿ ಒಂದೊಂದರಿಂದಲೂ ಇಳಿಸಿಕೊಳ್ಳುತ್ತ ಕೂರುವ ಬದಲು, ಒಂದು ಸಲ ಇಳಿಸಿ ಎಲ್ಲ ಯಂತ್ರಗಳಿಗೂ ಅದೇ ಕಡತವನ್ನು ಹಂಚಿ. ಇದರಿಂದ ಎಲ್ಲೆಡೆಯೂ ಒಂದೇ ಆವೃತ್ತಿ ಇರುತ್ತದೆಂಬುದು ನಿಜವಾದ ಅನುಕೂಲ.

ಆದ ಮೇಲೆ ಪ್ರತಿ ಯಂತ್ರದಲ್ಲೂ ಒಂದು ಸಣ್ಣ ಪರೀಕ್ಷೆ ಮಾಡಿ. 'ಪಿಕೆಜಿ ಲೋಡ್ ಸಿಗ್ನಲ್' ಎಂದು ಕೊಟ್ಟು, ಬಟರ್‌ವರ್ತ್ ಫಿಲ್ಟರನ್ನು ವಿನ್ಯಾಸ ಮಾಡುವ 'ಬಟರ್' ಫಂಕ್ಷನ್ನಿಗೆ 2 ಮತ್ತು 0.5 ಎಂಬ ಬೆಲೆಗಳನ್ನು ಕೊಟ್ಟು, ಎರಡು ಉತ್ತರಗಳನ್ನು ಕೇಳಿ. ಅಂಶದ ಗುಣಾಂಕಗಳು 0.2929, 0.5858, 0.2929 ಎಂದೂ, ಛೇದದ ಗುಣಾಂಕಗಳು 1, 0, 0.1716 ಎಂದೂ ಬರಬೇಕು. ಛೇದದ ನಡುವಿನ ಸೊನ್ನೆಯ ಜಾಗದಲ್ಲಿ ಹತ್ತರ ಮೈನಸ್ ಹದಿನಾರನೆಯ ಘಾತದಂಥ ಅತಿ ಚಿಕ್ಕ ಸಂಖ್ಯೆ ಕಂಡರೆ ಗಾಬರಿ ಬೇಡ, ಅದೂ ಸೊನ್ನೆಯೇ. ಇಷ್ಟು ಬಂದರೆ ಆ ಯಂತ್ರ ಸಿದ್ಧ. ಗ್ರಾಫ್ ಕಿಟಕಿ ಖಾಲಿಯಾಗಿ ನಿಂತರೆ 'ಗ್ರಾಫಿಕ್ಸ್_ಟೂಲ್‌ಕಿಟ್ ಗ್ನೂಪ್ಲಾಟ್' ಎಂದು ಕೊಟ್ಟು ನೋಡಿ. ಹಳೆಯ ಗ್ರಾಫಿಕ್ಸ್ ಕಾರ್ಡುಗಳಿರುವ ಯಂತ್ರಗಳಲ್ಲಿ ಇದು ಕೈಹಿಡಿಯುತ್ತದೆ.

ಪ್ರೋಗ್ರಾಮುಗಳನ್ನು ಒಂದೊಂದಾಗಿ ದಾಟಿಸುವುದು

'ಪ್ಲಾಟ್', 'ಸ್ಟೆಮ್', 'ಸಬ್‌ಪ್ಲಾಟ್', 'ಎಫ್‌ಎಫ್‌ಟಿ', 'ಕಾನ್ವ್', 'ಫಿಲ್ಟರ್', 'ಓಡಿಇ45' ಇವೆಲ್ಲ ಆಕ್ಟೇವ್‌ನ ಒಡಲಲ್ಲೇ ಇವೆ, ಹಾಗಾಗಿ ಅರ್ಧಕ್ಕಿಂತ ಹೆಚ್ಚು ಪ್ರಯೋಗಗಳು ಒಂದಕ್ಷರವೂ ಬದಲಾಗದೆ ಓಡುತ್ತವೆ. ಓಡದಿರುವವುಗಳಲ್ಲಿ ಹೆಚ್ಚಿನವು ಎಡವುವುದು ಒಂದೇ ಕಲ್ಲಿಗೆ: ಪ್ಯಾಕೇಜು ಹಾಕಿಸಿದ್ದರೂ ಅದನ್ನು ಕರೆದಿರುವುದಿಲ್ಲ. ಮ್ಯಾಟ್‌ಲ್ಯಾಬಿನಲ್ಲಿ ಟೂಲ್‌ಬಾಕ್ಸ್ ಇದ್ದರೆ ಸಾಕು, ಫಂಕ್ಷನ್ ಸಿಗುತ್ತದೆ. ಆಕ್ಟೇವ್‌ನಲ್ಲಿ ಪ್ರತಿ ಸಲ ತೆರೆದಾಗಲೂ 'ಪಿಕೆಜಿ ಲೋಡ್' ಎಂದು ಹೇಳಬೇಕು. ಹೇಳದೆ 'ಬಟರ್' ಎಂದು ಕರೆದರೆ, ಈ ಫಂಕ್ಷನ್ ಸಿಗ್ನಲ್ ಪ್ಯಾಕೇಜಿನದು, ನೀವದನ್ನು ಹಾಕಿಸಿದ್ದೀರಿ ಆದರೆ ಲೋಡ್ ಮಾಡಿಲ್ಲ ಎಂಬರ್ಥದ ಸಂದೇಶವನ್ನು ಆಕ್ಟೇವ್ ತಾನೇ ಕೊಡುತ್ತದೆ. ಕೆಂಪು ಅಕ್ಷರ ಕಂಡ ಕೂಡಲೇ ಕೈಯೆತ್ತಿ 'ಸರ್' ಎನ್ನುವ ವಿದ್ಯಾರ್ಥಿಗಳಿಗೆ ಮೊದಲ ದಿನವೇ ಆ ಸಾಲನ್ನು ಓದಿಸಬೇಕು. 'ಪಿಕೆಜಿ ಲಿಸ್ಟ್' ಕೊಟ್ಟರೆ ಹಾಕಿಸಿದ ಪ್ಯಾಕೇಜುಗಳ ಪಟ್ಟಿ ಬರುತ್ತದೆ, ಲೋಡ್ ಆದವುಗಳ ಮುಂದೆ ನಕ್ಷತ್ರ ಚಿಹ್ನೆ ಇರುತ್ತದೆ.

ಬಳಕೆದಾರರ ಫೋಲ್ಡರಿನಲ್ಲಿರುವ 'ಡಾಟ್ ಆಕ್ಟೇವ್ಆರ್‌ಸಿ' ಎಂಬ ಕಡತದಲ್ಲಿ ಈ ಸಾಲನ್ನು ಬರೆದಿಟ್ಟರೆ ಪ್ಯಾಕೇಜು ತಾನಾಗಿಯೇ ಲೋಡ್ ಆಗುತ್ತದೆ. ಅನುಕೂಲವೇನೋ ಹೌದು, ಆದರೆ ನಾನಿದನ್ನು ಲ್ಯಾಬಿನಲ್ಲಿ ಮಾಡುವುದಿಲ್ಲ. ಇಲ್ಲಿ ಓಡಿದ ಪ್ರೋಗ್ರಾಮು ವಿದ್ಯಾರ್ಥಿಯ ಲ್ಯಾಪ್‌ಟಾಪಿನಲ್ಲಿ ಓಡದೆ ನಿಂತರೆ ಕಾರಣ ಅವನಿಗೆ ಹೊಳೆಯುವುದೇ ಇಲ್ಲ. ಪ್ರೋಗ್ರಾಮಿನ ತಲೆಯಲ್ಲೇ ಆ ಸಾಲಿರುವುದು ಲೇಸು. ಅದೇ ಕಡತ ಮ್ಯಾಟ್‌ಲ್ಯಾಬಿನಲ್ಲೂ ಓಡಬೇಕಾದರೆ 'ಇಫ್' ಹಾಕಿ, 'ಎಕ್ಸಿಸ್ಟ್' ಫಂಕ್ಷನ್ನಿಗೆ ದೊಡ್ಡ ಅಕ್ಷರಗಳಲ್ಲಿ 'ಆಕ್ಟೇವ್_ವರ್ಷನ್' ಎಂಬ ಹೆಸರನ್ನೂ ಸಣ್ಣ ಅಕ್ಷರಗಳಲ್ಲಿ 'ಬಿಲ್ಟಿನ್' ಎಂಬ ಪದವನ್ನೂ ಒಂಟಿ ಉದ್ಧರಣ ಚಿಹ್ನೆಗಳೊಳಗೆ ಕೊಟ್ಟು, ಆ ಷರತ್ತಿನ ಒಳಗೆ 'ಪಿಕೆಜಿ ಲೋಡ್' ಬರೆಯಿರಿ.

ಎರಡನೆಯ ಕಲ್ಲು ಫಂಕ್ಷನ್ನುಗಳ ಜಾಗ. ಈಚಿನ ವರ್ಷಗಳ ಮ್ಯಾಟ್‌ಲ್ಯಾಬ್ ಪ್ರೋಗ್ರಾಮುಗಳಲ್ಲಿ ಫಂಕ್ಷನ್ನುಗಳನ್ನು ಸ್ಕ್ರಿಪ್ಟಿನ ಕೊನೆಯಲ್ಲಿ ಬರೆಯುವುದು ರೂಢಿ. ಆಕ್ಟೇವ್ ಸ್ಕ್ರಿಪ್ಟನ್ನು ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ನಡೆಸುತ್ತದೆ, ಆದ್ದರಿಂದ ಕೊನೆಯಲ್ಲಿರುವ ಫಂಕ್ಷನ್ನನ್ನು ಮೊದಲೇ ಕರೆದರೆ ಅದು ಗೊತ್ತಿಲ್ಲ ಎನ್ನುತ್ತದೆ. ಸರಿ, ಮೇಲಕ್ಕೆ ಒಯ್ಯೋಣ ಎಂದು ಮೊದಲ ಸಾಲಿಗೇ ತಂದರೆ ಇನ್ನೊಂದು ತಕರಾರು: ಕಡತ 'ಫಂಕ್ಷನ್' ಎಂಬ ಪದದಿಂದಲೇ ಆರಂಭವಾದರೆ ಅದನ್ನು ಸ್ಕ್ರಿಪ್ಟೆಂದು ಎಣಿಸದೆ ಫಂಕ್ಷನ್ ಕಡತವೆಂದು ತಿಳಿಯುತ್ತದೆ. ಇದಕ್ಕೆ ಆಕ್ಟೇವ್ ಬಳಸುವವರೆಲ್ಲ ಮಾಡುವ ಉಪಾಯವೆಂದರೆ ಮೊದಲ ಸಾಲಿನಲ್ಲಿ '1;' ಎಂದು ಬರೆದುಬಿಡುವುದು. ಅದೊಂದು ಆದೇಶವಾಯಿತು, ಅದರಿಂದ ಏನೂ ಆಗುವುದಿಲ್ಲ, ಕಡತ ಮಾತ್ರ ಸ್ಕ್ರಿಪ್ಟಾಯಿತು. ಉಪಾಯ ಚೆಂದವೇ, ಆದರೆ ಇದರ ಅರ್ಥವೇನೆಂದು ವೈವಾದಲ್ಲಿ ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಮೌನ. ಪ್ರತಿ ಫಂಕ್ಷನ್ನಿಗೂ ಅದರದೇ ಹೆಸರಿನ ಪ್ರತ್ಯೇಕ ಕಡತ ಮಾಡಿದರೆ ಎರಡೂ ಕಡೆ ಓಡುತ್ತದೆ, ವಿವರಣೆಯೂ ಬೇಕಾಗುವುದಿಲ್ಲ. ನಾನು ಮ್ಯಾನುಯಲ್ಲಿನಲ್ಲಿ ಹಾಗೆಯೇ ಮಾಡಿದ್ದೇನೆ.

ಮೂರನೆಯದು ಹೆಚ್ಚು ಅಪಾಯಕಾರಿ, ಏಕೆಂದರೆ ಅಲ್ಲಿ ದೋಷಸಂದೇಶವೇ ಬರುವುದಿಲ್ಲ. ಹೊಸ ಮ್ಯಾಟ್‌ಲ್ಯಾಬಿನಲ್ಲಿ ಜೋಡಿ ಉದ್ಧರಣ ಚಿಹ್ನೆಯೊಳಗೆ ಬರೆದದ್ದು ಸ್ಟ್ರಿಂಗ್ ಎಂಬ ಬೇರೆಯೇ ಬಗೆಯ ವಸ್ತು. "ಲ್ಯಾಬ್" + 1 ಎಂದರೆ ಎರಡೂ ಕೂಡಿ 'ಲ್ಯಾಬ್1' ಆಗುತ್ತದೆ. ಆಕ್ಟೇವ್‌ನಲ್ಲಿ ಅದು ಬರಿಯ ಅಕ್ಷರಗಳ ಸಾಲು, ಕೂಡಿಸು ಎಂದರೆ ಅಕ್ಷರಗಳ ಸಂಕೇತಸಂಖ್ಯೆಗಳಿಗೆ ಒಂದನ್ನು ಕೂಡಿಸುತ್ತದೆ. ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಆ ಮೂರಕ್ಷರದ ಪದವನ್ನು ಬರೆದು ನೋಡಿ, 109, 98, 99 ಎಂಬ ಮೂರು ಸಂಖ್ಯೆಗಳು ಬರುತ್ತವೆ. ಕಡತಗಳ ಹೆಸರನ್ನು ಲೂಪಿನಲ್ಲಿ ಹೀಗೆ ಕಟ್ಟುವ ಪ್ರೋಗ್ರಾಮುಗಳಿದ್ದರೆ ಅವು ತೀರಾ ದೂರ ಹೋದ ಮೇಲೆ, ಸಂಬಂಧವೇ ಇಲ್ಲದ ಸಾಲಿನಲ್ಲಿ ಮುಗ್ಗರಿಸುತ್ತವೆ. ಪರಿಹಾರ ಸರಳ: ಎಲ್ಲೆಡೆ ಒಂಟಿ ಉದ್ಧರಣ ಚಿಹ್ನೆ ಬಳಸಿ, ಜೋಡಿಸಬೇಕಾದ ಕಡೆ 'ಎಸ್‌ಪ್ರಿಂಟ್‌ಎಫ್' ಬಳಸಿ.

ಕಡತದ ಹೆಸರುಗಳ ವಿಷಯದಲ್ಲಿ ನಾನೇ ಪಾಠ ಕಲಿತೆ. ಮೊದಲ ಇಂಟರ್ನಲ್ಸ್ ಹೊತ್ತಿಗೆ ಅರ್ಧ ಯಂತ್ರಗಳಲ್ಲಿ ವಿಂಡೋಸ್, ಉಳಿದರ್ಧದಲ್ಲಿ ಉಬುಂಟು ಇತ್ತು. ಇಸಿಜಿ ಡೇಟಾದ ಕಡತಕ್ಕೆ ನಾನು ದೊಡ್ಡ ಅಕ್ಷರಗಳಲ್ಲಿ ಹೆಸರಿಟ್ಟಿದ್ದೆ, ಪ್ರಶ್ನೆಪತ್ರಿಕೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆದಿದ್ದೆ. ವಿಂಡೋಸ್ ಆ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಲಿನಕ್ಸ್ ಅವೆರಡನ್ನೂ ಬೇರೆ ಬೇರೆ ಕಡತಗಳೆಂದೇ ತಿಳಿಯುತ್ತದೆ. ಕಿಟಕಿಯ ಪಕ್ಕದ ಸಾಲಿನವರಿಗೆ ಗ್ರಾಫು ಬಂತು, ಗೋಡೆಯ ಪಕ್ಕದವರು ಕಾಲು ಗಂಟೆ ಕಳೆದುಕೊಂಡರು. ಅಂದಿನಿಂದ ನಮ್ಮಲ್ಲಿ ಎಲ್ಲ ಕಡತಗಳ ಹೆಸರೂ ಸಣ್ಣ ಅಕ್ಷರಗಳಲ್ಲೇ ಇರುತ್ತವೆ. ವಿದ್ಯಾರ್ಥಿಗಳು ಪ್ರೀತಿಯಿಂದ ಇಡುವ '1' ಎಂಬ ಹೆಸರು, ನಡುವೆ ಖಾಲಿ ಜಾಗ ಅಥವಾ ಅಡ್ಡಗೆರೆ ಇರುವ ಹೆಸರು, ಇವನ್ನು ಮ್ಯಾಟ್‌ಲ್ಯಾಬ್ ಆಗಲಿ ಆಕ್ಟೇವ್ ಆಗಲಿ ಹೆಸರಿನಿಂದ ಕರೆಯಲಾರವು.

ಆಕ್ಟೇವ್‌ನಲ್ಲಿ ಮಾತ್ರ ನಡೆಯುವ ಬರವಣಿಗೆಯೂ ಇದೆ. ಟಿಪ್ಪಣಿಗೆ ಹ್ಯಾಶ್ ಚಿಹ್ನೆ, 'ಎಂಡ್' ಬದಲು 'ಎಂಡ್‌ಇಫ್', ಸಮವಲ್ಲ ಎನ್ನಲು ಆಶ್ಚರ್ಯಸೂಚಕ ಚಿಹ್ನೆ, 'ಪ್ರಿಂಟ್‌ಎಫ್' ಇತ್ಯಾದಿ. ಓದಲು ಹಿತವಾಗಿವೆ, ಆದರೂ ಮ್ಯಾನುಯಲ್ಲಿನಲ್ಲಿ ಇವು ಬೇಡ. ನಮ್ಮ ಹುಡುಗರು ನಾಳೆ ಕೆಲಸಕ್ಕೆ ಹೋದ ಕಡೆ ಮ್ಯಾಟ್‌ಲ್ಯಾಬೇ ಇರಬಹುದು. ಶೇಕಡಾ ಚಿಹ್ನೆ, 'ಎಂಡ್', 'ಎಫ್‌ಪ್ರಿಂಟ್‌ಎಫ್' ಎರಡೂ ಕಡೆ ಸಲ್ಲುತ್ತವೆ.

ಪ್ರೋಗ್ರಾಮಿನೊಳಗೆ ಕನ್ನಡ ಬಳಸುವವರಿಗೊಂದು ಮಾತು. ಟಿಪ್ಪಣಿಗಳನ್ನು ಕನ್ನಡದಲ್ಲಿ ಬರೆದು ಕಡತವನ್ನು ಯುಟಿಎಫ್-8 ರೂಪದಲ್ಲಿ ಉಳಿಸಿದರೆ ಏನೂ ತೊಂದರೆಯಿಲ್ಲ. ಆದರೆ 'ಕನ್ನಡ' ಎಂಬ ಪದದ ಉದ್ದವನ್ನು 'ಲೆಂತ್' ಫಂಕ್ಷನ್ನಿನಿಂದ ಕೇಳಿದರೆ ಮ್ಯಾಟ್‌ಲ್ಯಾಬ್ 5 ಎನ್ನುತ್ತದೆ, ಆಕ್ಟೇವ್ 15 ಎನ್ನುತ್ತದೆ. ಕ, ನ, ಹಲಂತದ ಗುರುತು, ಮತ್ತೊಂದು ನ, ಡ ಎಂಬ ಐದು ಸಂಕೇತಗಳಿಗೂ ಯುಟಿಎಫ್-8ರಲ್ಲಿ ತಲಾ ಮೂರು ಬೈಟು ಬೇಕು, ಆಕ್ಟೇವ್ ಎಣಿಸುವುದು ಬೈಟುಗಳನ್ನು. ಕಣ್ಣಿಗೆ ಕಾಣುವ ಮೂರಕ್ಷರವನ್ನು ಇಬ್ಬರೂ ಹೇಳುವುದಿಲ್ಲ.

ಉತ್ತರಗಳನ್ನು ತಾಳೆ ನೋಡುವುದು

ಉಳಿಸಿಟ್ಟ ಫೋಲ್ಡರು ಈಗ ಹೊರಬರಬೇಕು. ಹಳೆಯ ಉತ್ತರವನ್ನೂ ಹೊಸದನ್ನೂ 'ಎರಡು ಸಮ ಚಿಹ್ನೆ' ಹಾಕಿ ಹೋಲಿಸಿದರೆ ಬಹುತೇಕ ಸೋಲುತ್ತೀರಿ. 0.1ಕ್ಕೆ 0.2 ಕೂಡಿಸಿದರೆ 0.3ಕ್ಕೆ ಸಮವೇ ಎಂದು ಇವೆರಡರಲ್ಲಿ ಯಾವ ತಂತ್ರಾಂಶವನ್ನು ಕೇಳಿದರೂ ಅಲ್ಲ ಎನ್ನುತ್ತದೆ, ದ್ವಿಮಾನ ಭಿನ್ನರಾಶಿಗಳ ಸ್ವಭಾವವೇ ಅಂಥದ್ದು. ವ್ಯತ್ಯಾಸದ 'ನಾರ್ಮ್' (ಒಟ್ಟಾರೆ ಗಾತ್ರದ ಅಳತೆ) ಅನ್ನು ಹಳೆಯ ಉತ್ತರದ 'ನಾರ್ಮ್'ನಿಂದ ಭಾಗಿಸಿ, ಅದು ಹತ್ತರ ಮೈನಸ್ ಹತ್ತನೆಯ ಘಾತಕ್ಕಿಂತ ಕಡಿಮೆ ಇದ್ದರೆ ಸರಿಯೆಂದು ಬಿಡಿ.

'ಐಗ್' ಫಂಕ್ಷನ್ ಬಂದಾಗ ಇದೂ ಸಾಲದು. ಐಗನ್ ಬೆಲೆಗಳು ಒಂದೇ ಬಂದು, ಐಗನ್ ವೆಕ್ಟರುಗಳಲ್ಲಿ ಒಂದು ಕಂಬಸಾಲು ಪೂರ್ತಿ ಮೈನಸ್ ಆಗಿ ಬರಬಹುದು. ವೆಕ್ಟರನ್ನು ಮೈನಸ್ ಒಂದರಿಂದ ಗುಣಿಸಿದರೂ ಅದು ಅದೇ ಐಗನ್ ಬೆಲೆಯ ವೆಕ್ಟರಾಗಿಯೇ ಉಳಿಯುತ್ತದೆ. ಎರಡೂ ತಂತ್ರಾಂಶಗಳ ಅಡಿಯಲ್ಲಿರುವ ಮ್ಯಾಟ್ರಿಕ್ಸ್ ಲೈಬ್ರರಿಗಳು ಬೇರೆಯಾದ್ದರಿಂದ ಚಿಹ್ನೆ ಬದಲಾಗುವುದು ತಪ್ಪಲ್ಲ. ರೆಕಾರ್ಡಿನಲ್ಲಿ ಹಳೆಯ ಉತ್ತರ ನಕಲು ಮಾಡಿದವರು ಇಲ್ಲಿ ಸಿಕ್ಕಿಬೀಳುತ್ತಾರೆಂಬುದು ಸಣ್ಣ ಲಾಭ. ಮೂಲ ಮ್ಯಾಟ್ರಿಕ್ಸಿನಿಂದ ಆ ವೆಕ್ಟರನ್ನು ಗುಣಿಸಿ, ಐಗನ್ ಬೆಲೆಯಷ್ಟೇ ಪಟ್ಟು ಆಯಿತೇ ಎಂದು ನೋಡುವುದು ಸರಿಯಾದ ತಾಳೆ.

ವೇಗದ ಬಗ್ಗೆಯೂ ಹೇಳಬೇಕು. ಮ್ಯಾಟ್‌ಲ್ಯಾಬ್ ಓಡುವಾಗಲೇ ಲೂಪುಗಳನ್ನು ಯಂತ್ರಭಾಷೆಗೆ ತಿರುಗಿಸಿ ಚುರುಕುಗೊಳಿಸುತ್ತದೆ. ಆಕ್ಟೇವ್‌ನಲ್ಲಿ ಆ ಸೌಲಭ್ಯ ಇಲ್ಲ. ಹತ್ತು ಲಕ್ಷ ಮಾದರಿಗಳ ಸಿಗ್ನಲ್ಲಿನ ಶಕ್ತಿಯನ್ನು 'ಫಾರ್' ಲೂಪಿನಲ್ಲಿ ಒಂದೊಂದಾಗಿ ವರ್ಗ ಮಾಡಿ ಕೂಡಿಸುತ್ತ ಹೋದರೆ ಆಕ್ಟೇವ್ ತಡಮಾಡುವುದು ಕಣ್ಣಿಗೇ ಕಾಣುತ್ತದೆ. ಅದನ್ನೇ ಇಡೀ ವೆಕ್ಟರಿನ ಮೇಲೆ ಚುಕ್ಕೆ-ಘಾತ ಚಿಹ್ನೆ ಹಾಕಿ 'ಸಮ್' ಎಂದರೆ ರೆಪ್ಪೆ ಬಡಿಯುವುದರೊಳಗೆ ಮುಗಿಯುತ್ತದೆ. 'ಟಿಕ್' ಮತ್ತು 'ಟಾಕ್' ಹಾಕಿ ಇವೆರಡನ್ನೂ ವಿದ್ಯಾರ್ಥಿಗಳಿಂದಲೇ ಅಳೆಸಿ.

ಸಿಮ್ಯುಲಿಂಕ್ ಇಲ್ಲ ಎಂಬುದನ್ನು ಒಪ್ಪಿಕೊಂಡು

ಸಿಮ್ಯುಲಿಂಕಿಗೆ ಆಕ್ಟೇವ್‌ನಲ್ಲಿ ಸಾಟಿಯಿಲ್ಲ. ಬ್ಲಾಕುಗಳನ್ನು ಎಳೆದು ಜೋಡಿಸುವುದೇ ಬೇಕೆಂದರೆ ಸೈಲ್ಯಾಬಿನ ಎಕ್ಸ್‌ಕಾಸ್ ಇದೆ, ಭೌತಿಕ ವ್ಯವಸ್ಥೆಗಳ ಮಾದರಿಗೆ ಓಪನ್‌ಮಾಡೆಲಿಕಾ ಇದೆ. ಎರಡೂ ಮುಕ್ತ ತಂತ್ರಾಂಶಗಳು. ಹಳೆಯ ಸಿಮ್ಯುಲಿಂಕ್ ಕಡತವನ್ನು ನೇರವಾಗಿ ತೆರೆಯುವ ಆಸೆಯಿಂದ ಇವುಗಳ ಬಳಿ ಹೋಗಬೇಡಿ, ಮಾದರಿಯನ್ನು ಹೊಸದಾಗಿ ಕಟ್ಟಬೇಕು. ಆದರೆ ನಮ್ಮ ಕಂಟ್ರೋಲ್ ಲ್ಯಾಬಿನ ಪ್ರಯೋಗಗಳನ್ನು ಒಮ್ಮೆ ದಿಟ್ಟಿಸಿ ನೋಡಿದರೆ, ಒಂದು ಸ್ಟೆಪ್ ಬ್ಲಾಕು, ಒಂದು ಟ್ರಾನ್ಸ್‌ಫರ್ ಫಂಕ್ಷನ್ನು, ಒಂದು ಸ್ಕೋಪು, ಇಷ್ಟೇ ಇರುವವು ಎಷ್ಟೋ. ಅಂಥವಕ್ಕೆ ಕಂಟ್ರೋಲ್ ಪ್ಯಾಕೇಜೇ ಸಾಕು. ಅಂಶ 25, ಛೇದ 1, 6, 25 ಎಂದು 'ಟಿಎಫ್' ಫಂಕ್ಷನ್ನಿಗೆ ಕೊಟ್ಟು 'ಸ್ಟೆಪ್' ಎಂದರೆ ಗ್ರಾಫು ಬರುತ್ತದೆ. ಇಲ್ಲಿ ಸ್ವಾಭಾವಿಕ ಆವರ್ತನ ಸೆಕೆಂಡಿಗೆ 5 ರೇಡಿಯನ್, ಡ್ಯಾಂಪಿಂಗ್ ಅನುಪಾತ 0.6. ಕಾಗದದ ಮೇಲೆ ಲೆಕ್ಕ ಹಾಕಿದರೆ ಓವರ್‌ಶೂಟ್ ಸುಮಾರು ಶೇಕಡಾ 9.5, ಶಿಖರ ಮುಟ್ಟುವ ಕಾಲ 0.785 ಸೆಕೆಂಡ್. ಗ್ರಾಫಿನ ಶಿಖರ 1.095ರ ಹತ್ತಿರ, ಸೆಕೆಂಡಿನ ಮುಕ್ಕಾಲು ಭಾಗ ದಾಟಿದ ಕೂಡಲೇ ಕಾಣಬೇಕು. ಲೋಲಕದಂಥ ಸರಳರೇಖೀಯವಲ್ಲದ ಸಮೀಕರಣಗಳಿಗೆ 'ಓಡಿಇ45' ಬಳಸಿ. ಸಮೀಕರಣವನ್ನು ಕೈಯಾರೆ ಬರೆಯಬೇಕಾದ್ದರಿಂದ ವಿದ್ಯಾರ್ಥಿಗೆ ಅದು ಅರ್ಥವಾಗಿದೆಯೇ ಇಲ್ಲವೇ ಎಂಬುದೂ ಗೊತ್ತಾಗುತ್ತದೆ.

ಮ್ಯಾಟ್‌ಲ್ಯಾಬಿನಲ್ಲಿ ನಡೆಯುವ ಸಾದಾ ಪ್ರೋಗ್ರಾಮೊಂದು ಆಕ್ಟೇವ್‌ನಲ್ಲಿ ನಡೆಯದಿದ್ದರೆ ಅದನ್ನು ದೋಷವೆಂದೇ ಪರಿಗಣಿಸುವುದು ಆಕ್ಟೇವ್ ಅಭಿವೃದ್ಧಿಪಡಿಸುವವರ ನಿಲುವು. ಹಾಗಾಗಿ ಮೇಲಿನ ಯಾವ ಕಾರಣಕ್ಕೂ ಸೇರದ ತೊಡಕು ಸಿಕ್ಕರೆ, ಅದನ್ನು ತೋರಿಸುವ ಐದಾರು ಸಾಲಿನ ಪ್ರೋಗ್ರಾಮು ಮಾಡಿ ಅವರ ದೋಷವರದಿಯ ತಾಣಕ್ಕೆ ಕಳಿಸಿ. 'ನಮ್ಮ ಇಡೀ ಪ್ರಾಜೆಕ್ಟ್ ಓಡುತ್ತಿಲ್ಲ' ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ.

ಪರೀಕ್ಷೆಯ ಹಿಂದಿನ ಸಂಜೆ ಪ್ರತಿ ಯಂತ್ರದಲ್ಲೂ 'ವರ್' ಎಂದು ಕೊಟ್ಟು ಆಕ್ಟೇವ್ ಮತ್ತು ಪ್ಯಾಕೇಜುಗಳ ಆವೃತ್ತಿಯನ್ನು ಹಾಳೆಯಲ್ಲಿ ಬರೆದುಕೊಳ್ಳಿ, 'ಬಟರ್' ಪರೀಕ್ಷೆಯನ್ನು ಮತ್ತೊಮ್ಮೆ ಓಡಿಸಿ. ನಡುವೆ ಯಾರೋ ಒಂದು ಯಂತ್ರವನ್ನು ಫಾರ್ಮ್ಯಾಟ್ ಮಾಡಿ ಆಕ್ಟೇವ್ ಹಾಕಿ, ಪ್ಯಾಕೇಜು ಮರೆತಿರುವುದು ಈ ಹೊತ್ತಿನಲ್ಲೇ ಕಣ್ಣಿಗೆ ಬೀಳುತ್ತದೆ. ಆ ಯಂತ್ರಕ್ಕೆ ಪೆನ್‌ಡ್ರೈವಿನಲ್ಲಿರುವ ಇನ್‌ಸ್ಟಾಲರನ್ನೇ ಮತ್ತೆ ಹಾಕಿ, ಹಾಳೆಯಲ್ಲಿ ಅದರ ಸಂಖ್ಯೆಯ ಮುಂದೆ ಗುರುತು ಮಾಡಿ.